ಬಯಕೆಗೆ ಮುನ್ನ ಮುಚ್ಚುವ ನಾಳ

ಮಂಗಳೂರು ಸೀಮೆಯಲ್ಲಿ ಬಸುರಿಗೆ ಏಳನೆಯ ತಿಂಗಳು ಬಂತೆಂದರೆ ಮನೆಯಲ್ಲಿ ಬಯಕೆಯ ಸಂಭ್ರಮ. ಘಟ್ಟದ ಮೇಲಿನವರು ಸೀಮಂತ ಎನ್ನುವುದನ್ನು ಇಲ್ಲಿ ಹೆಚ್ಚಿನವರು ಬಯಕೆ ಎಂದೇ ಕರೆಯುತ್ತಾರೆ. ತವರಿನವರು ಬರುತ್ತಾರೆ, ಹೂ ಮುಡಿಸುತ್ತಾರೆ, ಬಾಳೆಲೆಯ ತುಂಬ ಬಗೆಬಗೆಯ ತಿಂಡಿ ಬಡಿಸಿ ಬೇಕಾದ್ದನ್ನು ತಿನ್ನು ಮಗಳೇ ಎನ್ನುತ್ತಾರೆ. ಬಸುರಿಯ ಆಸೆಗೆ ಇಲ್ಲವೆನ್ನಬಾರದು ಎಂಬುದು ಕಟ್ಟಳೆ.

ಈ ಕಟ್ಟಳೆಯ ಹಿಂದೆ ಬರಿಯ ಅಕ್ಕರೆಯಷ್ಟೇ ಇಲ್ಲ, ಬಹು ಹಳೆಯ ವೈದ್ಯಸಿದ್ಧಾಂತವೊಂದೂ ಇದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದ ಪ್ರಕಾರ ನಾಲ್ಕನೆಯ ತಿಂಗಳಲ್ಲಿ ಗರ್ಭದ ಹೃದಯ ವ್ಯಕ್ತವಾಗುತ್ತದೆ. ಆಗ ತಾಯಿಗೆ ಎರಡು ಹೃದಯ. ಆದ್ದರಿಂದ ಅವಳು ದೌಹೃದಿನಿ. ಅವಳ ಬಾಯಿಂದ ಬರುವ ಆಸೆ ಒಳಗಿನ ಜೀವದ ಆಸೆ. ಅದನ್ನು ನಡೆಸಿಕೊಡದಿದ್ದರೆ ಹುಟ್ಟುವ ಕೂಸು ಗೂನಾದೀತು, ಕುಂಟಾದೀತು, ಜಡವಾದೀತು, ಕಣ್ಣು ವಿಕಾರವಾದೀತು ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಬಸುರಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಗಂಡನ ಮನೆಯವರಿಗೆ ಹಾಕಿದ ಬೆದರಿಕೆ ಇದು ಎಂದು ಬೇಕಾದರೆ ಓದಬಹುದು. ಬಹುಶಃ ಒಳ್ಳೆಯ ಬೆದರಿಕೆಯೇ. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಕೂಸು ವಿಕಲವಾಗಿ ಹುಟ್ಟಿದಾಗ ಎಲ್ಲರ ಕಣ್ಣೂ ತಾಯಿಯ ಕಡೆಗೇ ತಿರುಗುತ್ತದೆ. ಗ್ರಹಣದ ಹೊತ್ತಿನಲ್ಲಿ ಕತ್ತಿ ಹಿಡಿದಿದ್ದಳೇ? ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋಗಿದ್ದಳೇ? ತಿನ್ನಬಾರದ್ದನ್ನು ತಿಂದಳೇ? ಉತ್ತರ ಸಿಗದಿದ್ದರೆ ಕೊನೆಗೆ ಪೂರ್ವಜನ್ಮದ ಕರ್ಮವಂತೂ ಇದ್ದೇ ಇದೆ.

ಸುಶ್ರುತ ಸಂಹಿತೆಯ ಅದೇ ಅಧ್ಯಾಯದಲ್ಲಿ ಇದಕ್ಕಿಂತ ಸ್ವಾರಸ್ಯವಾದ ಒಂದು ಚರ್ಚೆ ಬರುತ್ತದೆ. ಗರ್ಭದಲ್ಲಿ ಮೊದಲು ಮೂಡುವ ಅಂಗ ಯಾವುದು ಎಂಬ ಪ್ರಶ್ನೆ. ತಲೆ ಎನ್ನುತ್ತಾನೆ ಶೌನಕ, ಇಂದ್ರಿಯಗಳಿಗೆಲ್ಲ ಅದೇ ಮೂಲವಾದ್ದರಿಂದ. ಹೃದಯ ಎನ್ನುತ್ತಾನೆ ಕೃತವೀರ್ಯ. ನಾಭಿ ಎಂದು ಪಾರಾಶರ್ಯ, ಕೈಕಾಲು ಎಂದು ಮಾರ್ಕಂಡೇಯ, ನಡುಮೈ ಎಂದು ಸುಭೂತಿ ಗೌತಮ. ಎಲ್ಲರ ಮಾತನ್ನೂ ತಳ್ಳಿಹಾಕಿ ಧನ್ವಂತರಿ ಕೊಡುವ ತೀರ್ಪು: ಎಲ್ಲ ಅಂಗಗಳೂ ಒಟ್ಟಿಗೇ ಮೂಡುತ್ತವೆ. ಎಳೆಯ ಮಾವಿನ ಮಿಡಿಯಲ್ಲಿ ತಿರುಳು, ನಾರು, ಗೊರಟು ಬೇರೆಬೇರೆಯಾಗಿ ಕಾಣುವುದಿಲ್ಲ, ಬಿದಿರ ಕಳಲೆಯಲ್ಲಿ ಗೆಣ್ಣುಗಳು ಕಾಣುವುದಿಲ್ಲ. ಹಾಗೆಂದು ಅವು ಇಲ್ಲವೆಂದಲ್ಲ, ಬಹು ಸೂಕ್ಷ್ಮವಾಗಿವೆ ಅಷ್ಟೆ. ಗರ್ಭೋಪನಿಷತ್ತು ರಾತ್ರಿಗಳನ್ನೇ ಎಣಿಸಿ ಲೆಕ್ಕ ಕೊಡುತ್ತದೆ: ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಗುಳ್ಳೆ, ಅರ್ಧ ತಿಂಗಳಿಗೆ ಪಿಂಡ, ತಿಂಗಳಿಗೆ ಗಟ್ಟಿ, ಎರಡು ತಿಂಗಳಿಗೆ ತಲೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟು ಊಹಿಸಿದ್ದು ಸಾಮಾನ್ಯವಲ್ಲ. ಆದರೆ ತಲೆಯ ಕೆಲಸ ಎರಡು ತಿಂಗಳು ಕಾಯುವುದಿಲ್ಲ. ಮಿದುಳು ಮತ್ತು ಬೆನ್ನುಹುರಿಯ ಅಡಿಪಾಯ ಗರ್ಭ ನಿಂತ ಮೂರನೆಯ ವಾರದಲ್ಲಿ ಬೀಳುತ್ತದೆ, ನಾಲ್ಕನೆಯ ವಾರ ಮುಗಿಯುವುದರೊಳಗೆ ಆ ಅಧ್ಯಾಯ ಮುಚ್ಚಿಯೂ ಬಿಡುತ್ತದೆ.

ಅದು ನಡೆಯುವ ಬಗೆಯನ್ನು ಕರಾವಳಿಯವರಿಗೆ ಹೇಳುವುದು ಸುಲಭ. ಅಷ್ಟಮಿ, ಚೌತಿಯ ಮುನ್ನಾದಿನ ಮಂಗಳೂರಿನ ಪೇಟೆಯಲ್ಲಿ ಮೂಡೆ ಮಾರಲು ಕುಳಿತವರನ್ನು ನೋಡಿದವರೇ ಎಲ್ಲರೂ. ಕೇದಗೆಯ ಜಾತಿಯ ಉದ್ದನೆಯ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುತ್ತಿ ಕೊಳವೆ ಮಾಡಿ, ಅಂಚಿಗೆ ಮುಳ್ಳು ಚುಚ್ಚಿ ಬಿಗಿಮಾಡುತ್ತಾರೆ. ಹಿಟ್ಟು ಹೊಯ್ದು ಬೇಯಿಸುವುದು ಆಮೇಲಿನ ಮಾತು. ಚಪ್ಪಟೆಯಾದದ್ದು ಕೊಳವೆಯಾಗಬೇಕು, ಅಂಚು ಸರಿಯಾಗಿ ಕೂಡಬೇಕು, ಎಲ್ಲಿಯೂ ಬಾಯಿ ಬಿಡಬಾರದು. ಭ್ರೂಣದಲ್ಲಿ ಆಗುವುದೂ ಇಂಥದೇ. ಮೂರನೆಯ ವಾರದಲ್ಲಿ ಭ್ರೂಣವೆಂದರೆ ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ಒಂದು ತಟ್ಟೆ. ಅದರ ಬೆನ್ನಿನ ಕಡೆಯ ಜೀವಕೋಶಗಳ ಒಂದು ಪಟ್ಟಿ ದಪ್ಪವಾಗುತ್ತದೆ, ನಡುವೆ ತಗ್ಗಾಗುತ್ತದೆ, ಎರಡು ಅಂಚುಗಳೂ ಮೇಲೆದ್ದು ಒಂದನ್ನೊಂದು ಸಮೀಪಿಸಿ ಕೂಡಿಕೊಳ್ಳುತ್ತವೆ. ಹೀಗಾದ ಕೊಳವೆಯೇ ನರನಾಳ. ಅದರ ಮುಂತುದಿ ಉಬ್ಬಿ ಮಿದುಳಾಗುತ್ತದೆ, ಉಳಿದ ಉದ್ದವೆಲ್ಲ ಬೆನ್ನುಹುರಿ. ಮೂಡೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನರನಾಳದ ಅಂಚುಗಳು ಮೊದಲು ಕೂಡುವುದು ಕುತ್ತಿಗೆಯ ಭಾಗದಲ್ಲಿ. ಅಲ್ಲಿಂದ ಚೀಲದ ಜಿಪ್ ಎಳೆದಂತೆ ತಲೆಯತ್ತಲೂ ಬಾಲದತ್ತಲೂ ಮುಚ್ಚುತ್ತ ಹೋಗುತ್ತದೆ. ತಲೆಯ ಕಡೆಯ ಬಾಯಿ ಸುಮಾರು 25ನೆಯ ದಿನಕ್ಕೆ ಮುಚ್ಚಿದರೆ, ಬಾಲದ ಕಡೆಯದು 28ನೆಯ ದಿನದ ಹೊತ್ತಿಗೆ. ಆ ದಿನ ತಾಯಿಗೆ ಮುಟ್ಟು ತಪ್ಪಿ ಎರಡು ವಾರವಾಗಿರುತ್ತದೆ ಅಷ್ಟೆ. ಬಸುರಿಯೋ ಅಲ್ಲವೋ ಎಂಬುದೇ ಎಷ್ಟೋ ಹೆಂಗಸರಿಗೆ ಇನ್ನೂ ಗೊತ್ತಿರುವುದಿಲ್ಲ.

ತಲೆಯ ಕಡೆ ಬಾಯಿ ಮುಚ್ಚದಿದ್ದರೆ ಮಿದುಳು, ತಲೆಬುರುಡೆ ಬೆಳೆಯುವುದಿಲ್ಲ. ಅಂಥ ಶಿಶು ಉಳಿಯುವುದಿಲ್ಲ. ಬೆನ್ನಿನ ಕಡೆ ತೆರೆದು ಉಳಿದರೆ ಸ್ಪೈನಾ ಬೈಫಿಡಾ, ಅಂದರೆ ಸೀಳು ಬೆನ್ನು. ಈ ಮಕ್ಕಳು ಬದುಕುತ್ತಾರೆ, ಆದರೆ ಕಾಲಿನ ಶಕ್ತಿ, ಮಲಮೂತ್ರದ ಹಿಡಿತ ಕಡಿಮೆಯಾಗಿರುತ್ತದೆ. ಅನೇಕರಿಗೆ ತಲೆಯಲ್ಲಿ ನೀರು ತುಂಬಿಕೊಳ್ಳುತ್ತದೆ.

ಇದು ಎಲ್ಲೋ ಅಪರೂಪಕ್ಕೆ ಕೇಳುವ ಸಂಗತಿಯಲ್ಲ. ದಾವಣಗೆರೆಯ ಮಕ್ಕಳ ವೈದ್ಯ ಡಾ. ಎಂ. ಎಲ್. ಕುಲಕರ್ಣಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಸಾವಿರಾರು ಹೆರಿಗೆಗಳನ್ನು ಒಂದಾದ ಮೇಲೊಂದರಂತೆ ಪರಿಶೀಲಿಸಿ, 1989ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಲೆಕ್ಕ ಪ್ರಕಟಿಸಿದರು. ಸಾವಿರ ಹೆರಿಗೆಗೆ 11ಕ್ಕೂ ಹೆಚ್ಚು ಶಿಶುಗಳಲ್ಲಿ ನರನಾಳದ ದೋಷವಿತ್ತು. ಆಸ್ಪತ್ರೆಯ ಲೆಕ್ಕದಲ್ಲಿ ಕಷ್ಟದ ಹೆರಿಗೆಗಳೇ ಹೆಚ್ಚು ಸೇರುವುದರಿಂದ ಇಡೀ ಊರಿಗೆ ಅದೇ ಪ್ರಮಾಣವೆನ್ನಲಾಗದು. ಆದರೂ ಮುಂದೆ 2010ರ ದಶಕದಲ್ಲಿ ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಸಾವಿರಕ್ಕೆ ನಾಲ್ಕಕ್ಕೂ ಹೆಚ್ಚು ಎಂಬ ಅಂದಾಜು ಸಿಕ್ಕಿತು. ಶ್ರೀಮಂತ ದೇಶಗಳಲ್ಲಿ ಇದು ಸಾವಿರಕ್ಕೆ ಒಂದರ ಆಸುಪಾಸಿನಲ್ಲಿದೆ.

ಹಾಗಾದರೆ ಆ ಅಂಚುಗಳಿಗೆ ಮಡಿಚಿಕೋ ಎಂದು ಹೇಳುವವರು ಯಾರು? ಮೂಡೆ ಕಟ್ಟುವವರಿಗೆ ಕೈಗಳಿವೆ. ಭ್ರೂಣಕ್ಕೆ ಹೊರಗಿನ ಕೈ ಇಲ್ಲ.

ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು ಜರ್ಮನಿಯ ಫ್ರೈಬುರ್ಗ್‌ನಲ್ಲಿ. ಹಾನ್ಸ್ ಸ್ಪೇಮನ್ ಎಂಬ ಪ್ರಾಧ್ಯಾಪಕನ ಕೈಕೆಳಗೆ ಹಿಲ್ಡೆ ಮಾಂಗೋಲ್ಡ್ ಎಂಬ ತರುಣಿ ಸಂಶೋಧನೆ ನಡೆಸುತ್ತಿದ್ದಳು. ನ್ಯೂಟ್ ಎಂಬ, ಹಲ್ಲಿಯಂತೆ ಕಾಣುವ ಕಪ್ಪೆಯ ಬಳಗದ ಪ್ರಾಣಿಯ ಭ್ರೂಣದಿಂದ ಆಕೆ ಕೂದಲೆಳೆಯಷ್ಟು ಅಂಗಾಂಶವನ್ನು ಕತ್ತರಿಸಿ, ಬೇರೆ ಬಣ್ಣದ ಇನ್ನೊಂದು ನ್ಯೂಟ್ ಭ್ರೂಣದ ಹೊಟ್ಟೆಯ ಕಡೆಗೆ ನೆಟ್ಟಳು. ಚರ್ಮವಾಗಬೇಕಿದ್ದ ಆ ಜಾಗದಲ್ಲಿ ಎರಡನೆಯ ನರನಾಳ ಮೂಡಿತು. ಒಂದೇ ದೇಹಕ್ಕೆ ಅಂಟಿದ ಅವಳಿಯಂತೆ ಇನ್ನೊಂದು ಭ್ರೂಣವೇ ಬೆಳೆಯಿತು. ಅಚ್ಚರಿಯೆಂದರೆ ಆ ಹೊಸ ನರನಾಳ ಬಹುಪಾಲು ಅತಿಥೇಯನ ಜೀವಕೋಶಗಳಿಂದಲೇ ಆಗಿತ್ತು. ನೆಟ್ಟ ತುಂಡು ತಾನೇ ನರವಾಗಿರಲಿಲ್ಲ, ನೆರೆಹೊರೆಯ ಕೋಶಗಳಿಗೆ ನರವಾಗಿರೆಂದು ಅಪ್ಪಣೆ ಕೊಟ್ಟಿತ್ತು. ಪ್ರಬಂಧ ಪ್ರಕಟವಾದ 1924ರಲ್ಲೇ, ಎಳೆಗೂಸಿನ ತಾಯಿಯಾಗಿದ್ದ ಹಿಲ್ಡೆ ಅಡುಗೆಮನೆಯ ಬೆಂಕಿ ಅವಘಡದಲ್ಲಿ ತೀರಿಕೊಂಡಳು. ಸ್ಪೇಮನ್ನನಿಗೆ 1935ರಲ್ಲಿ ನೊಬೆಲ್ ಬಂತು. ಹಿಲ್ಡೆಯ ಹೆಸರು ಪಠ್ಯಪುಸ್ತಕದಲ್ಲಿ ಉಳಿದಿರುವುದೇ ಸಮಾಧಾನ.

ಅಪ್ಪಣೆ ಎಂದರೇನು, ಅದು ಯಾವ ಭಾಷೆಯಲ್ಲಿದೆ ಎಂಬುದು ಗೊತ್ತಾಗಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಅದು ತಿಳಿದುಬಂದದ್ದು ಕೊಳೆತ ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣದಿಂದ. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ನೊಣಗಳ ವಂಶವಾಹಿಗಳನ್ನು ಒಂದೊಂದಾಗಿ ಕೆಡಿಸಿ, ಹುಳ ಹೇಗೆ ವಿಕಾರವಾಗುತ್ತದೆಂದು ಸಾವಿರಾರು ಮರಿಗಳಲ್ಲಿ ನೋಡುತ್ತ ಹೋದರು. ಒಂದು ವಂಶವಾಹಿ ಕೆಟ್ಟಾಗ ಮರಿಹುಳದ ಮೈತುಂಬ ಮುಳ್ಳು. ಅದಕ್ಕೆ ಯುರೋಪಿನ ಮುಳ್ಳುಮೈಯ ಪುಟ್ಟ ಪ್ರಾಣಿಯ ನೆನಪಿನಲ್ಲಿ ಹೆಡ್ಜ್‌ಹಾಗ್ ಎಂದು ಹೆಸರಿಟ್ಟರು. 1980ರಲ್ಲಿ ಈ ಕೆಲಸ ಪ್ರಕಟವಾಯಿತು, 1995ರಲ್ಲಿ ನೊಬೆಲ್ ಸಂದಿತು. ಇದೇ ವಂಶವಾಹಿಯ ದಾಯಾದಿಗಳು ಕೋಳಿ, ಇಲಿ, ಮನುಷ್ಯರಲ್ಲೂ ಇವೆಯೆಂದು 1993ರ ಹೊತ್ತಿಗೆ ತಿಳಿಯಿತು. ಅವುಗಳಲ್ಲಿ ಒಂದಕ್ಕೆ ಮಕ್ಕಳ ವಿಡಿಯೋ ಆಟದ ನಾಯಕನ ಹೆಸರಿಟ್ಟು ಸಾನಿಕ್ ಹೆಡ್ಜ್‌ಹಾಗ್ ಎಂದರು. ಗಂಭೀರ ಕಾಯಿಲೆಯ ವಿವರಣೆ ಕೇಳಲು ಕುಳಿತ ತಂದೆತಾಯಿಗೆ ವೈದ್ಯರು ಈ ಹೆಸರು ಹೇಳಬೇಕಾಗಿ ಬರುವುದು ಒಂದು ವಿಪರ್ಯಾಸ.

ಸಾನಿಕ್ ಹೆಡ್ಜ್‌ಹಾಗ್ ತಯಾರಿಸುವ ಪ್ರೋಟೀನು ಒಂದು ಸಂದೇಶ. ನರನಾಳದ ಕೆಳಗಿರುವ ದಂಡದಿಂದ ಅದು ಒಸರುತ್ತದೆ. ಹತ್ತಿರದ ಕೋಶಗಳಿಗೆ ಹೆಚ್ಚು ಸಿಗುತ್ತದೆ, ದೂರದವಕ್ಕೆ ಕಡಿಮೆ. ಎಷ್ಟು ಸಿಕ್ಕಿತೆಂಬುದರ ಮೇಲೆ ಆ ಕೋಶ ಸ್ನಾಯುವನ್ನು ಆಡಿಸುವ ನರವಾಗಬೇಕೋ ಬೇರೆಯದಾಗಬೇಕೋ ಎಂಬ ನಿರ್ಧಾರ. ಬೆನ್ನಿನ ಮೇಲುಭಾಗದಿಂದ ಬೇರೆ ಸಂದೇಶಗಳು ಇಳಿಯುತ್ತವೆ. ಎರಡರ ನಡುವೆ ಕೋಶ ತನ್ನ ಜಾಗ ಕಂಡುಕೊಳ್ಳುತ್ತದೆ. ಈ ವಂಶವಾಹಿಯ ಅಕ್ಷರವೊಂದು ತಪ್ಪಿದರೆ, ವಿಜ್ಞಾನಿಗಳು ಮ್ಯುಟೇಶನ್ ಎನ್ನುವುದು ಇದನ್ನೇ, ಸಂದೇಶ ಕುಗ್ಗುತ್ತದೆ. ಮುಮ್ಮಿದುಳು ಎಡಬಲ ಎಂದು ಎರಡಾಗಿ ಒಡೆಯದೆ ಉಳಿಯುತ್ತದೆ. ಅತಿರೇಕಕ್ಕೆ ಹೋದರೆ ಎರಡು ಕಣ್ಣಿನ ಬದಲು ಹಣೆಯ ನಡುವೆ ಒಂದೇ ಕಣ್ಣು. ಮನುಷ್ಯರಲ್ಲಿ ಈ ಮಿದುಳಿನ ದೋಷಕ್ಕೂ ಈ ವಂಶವಾಹಿಗೂ ಇರುವ ನಂಟು 1996ರಲ್ಲಿ ಖಚಿತವಾಯಿತು. ಅದೇ ದೋಷ ಹೊತ್ತ ತಂದೆಯೋ ತಾಯಿಯೋ ಬಹುತೇಕ ಆರೋಗ್ಯವಾಗಿಯೇ ಇರುವುದುಂಟು ಎಂಬುದು ಈ ಕಥೆಯ ಇನ್ನೊಂದು ಒಗಟು.

ಒಂಟಿಕಣ್ಣಿನ ಆಡೋ ಕರುವೋ ಹುಟ್ಟಿತೆಂದರೆ ಊರಿಗೆ ಕೇಡು ಎನ್ನುವ ನಂಬಿಕೆ ಬಹು ಹಳೆಯದು. ವರಾಹಮಿಹಿರನ ಬೃಹತ್ಸಂಹಿತೆ ವಿಕಾರ ಜನನಗಳನ್ನು ಉತ್ಪಾತಗಳ ಪಟ್ಟಿಯಲ್ಲಿ ಸೇರಿಸುತ್ತದೆ. ಅಮೆರಿಕದ ಐಡಾಹೋ ಬೆಟ್ಟಗಳ ಕುರಿಗಾಹಿಗಳೂ ಒಂಟಿಕಣ್ಣಿನ ಮರಿಗಳನ್ನು ಕಂಡು ಹೆದರಿದವರೇ. 1950ರ ದಶಕದಲ್ಲಿ ಸರಕಾರದ ಪಶುವಿಜ್ಞಾನಿಗಳು ಕುರಿಗಳ ಹಿಂದೆಯೇ ಅಲೆದು ಕಾರಣ ಹುಡುಕಿದರು. ಬರಗಾಲದಲ್ಲಿ ಕುರಿಗಳು ಬೆಟ್ಟದ ಮೇಲಿನ ಒಂದು ಬಗೆಯ ಲಿಲ್ಲಿ ಗಿಡ ಮೇಯುತ್ತಿದ್ದವು. ಗಬ್ಬವಾಗಿ ಹದಿನಾಲ್ಕನೆಯ ದಿನ ತಿಂದರೆ ಮಾತ್ರ ಮರಿಗೆ ಒಂಟಿಕಣ್ಣು. ಹಿಂದೆಮುಂದೆ ತಿಂದರೆ ಇಲ್ಲ. ಆ ಗಿಡದ ವಿಷಕ್ಕೆ ಸೈಕ್ಲೋಪಮಿನ್ ಎಂದು ಹೆಸರಾಯಿತು. ಅದು ತಡೆಹಿಡಿಯುವುದು ಇದೇ ಹೆಡ್ಜ್‌ಹಾಗ್ ಸಂದೇಶವನ್ನು ಎಂದು 1998ರಲ್ಲಿ ತಿಳಿಯಿತು. ಅಂದರೆ ವಂಶವಾಹಿ ಕೆಟ್ಟರೂ ಒಂದೇ, ವಂಶವಾಹಿ ಸರಿಯಿದ್ದು ಹೊರಗಿನ ರಾಸಾಯನಿಕ ಸಂದೇಶವನ್ನು ಅಡ್ಡಗಟ್ಟಿದರೂ ಒಂದೇ. ಮನುಷ್ಯರಲ್ಲೂ ಇಂಥ ಉದಾಹರಣೆಗಳಿವೆ. ಅಪಸ್ಮಾರಕ್ಕೆ ಕೊಡುವ ವಾಲ್ಪ್ರೊಯೇಟ್ ಔಷಧಿಯನ್ನು ಗರ್ಭದ ಮೊದಲ ವಾರಗಳಲ್ಲಿ ಸೇವಿಸಿದವರ ಮಕ್ಕಳಲ್ಲಿ ಸೀಳು ಬೆನ್ನು ಹೆಚ್ಚೆಂದು 1982ರಲ್ಲಿ ಫ್ರಾನ್ಸಿನಿಂದ ವರದಿ ಬಂತು. ಹತೋಟಿಯಲ್ಲಿರದ ಮಧುಮೇಹವೂ ಅಪಾಯವೇ.

ಮಂಗಳೂರಿನಲ್ಲಿ ಈ ಮಾತು ಬಂದಾಗ ಎಂಡೋಸಲ್ಫಾನ್ ನೆನಪಾಗದೆ ಇರದು. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸುರಿಯಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿರುವುದನ್ನು ಕೃಷಿಕ ಪತ್ರಕರ್ತ ಶ್ರೀ ಪಡ್ರೆ 1979ರ ಸುಮಾರಿಗೇ ಗಮನಿಸಿ ಬರೆದರು. ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿಗೆ ಬರುವ ಮಕ್ಕಳ ವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರಗಳನ್ನು ಕಂಡು ದನಿಯೆತ್ತಿದರು. ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲೂ ಅದೇ ಕಥೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದನ್ನು ದೇಶಾದ್ಯಂತ ತಡೆಹಿಡಿಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾಮಕ್ಕಳನ್ನು ಪರೀಕ್ಷಿಸಿ ಹುಡುಗರ ಬೆಳವಣಿಗೆ ತಡವಾಗಿರುವುದನ್ನು 2003ರಲ್ಲಿ ಪ್ರಕಟಿಸಿತ್ತು. ಯಾವ ಮಗುವಿನ ಯಾವ ತೊಂದರೆಗೆ ಯಾವ ಸಂದೇಶ ಕೆಟ್ಟದ್ದು ಕಾರಣ ಎಂದು ಬಿಡಿಸಿ ತೋರಿಸುವ ಕೆಲಸ ಐಡಾಹೋದ ಕುರಿಗಳಲ್ಲಿ ಆದಷ್ಟು ನಿಚ್ಚಳವಾಗಿ ಇಲ್ಲಿ ಆಗಲಿಲ್ಲ. ಕುರಿಗೆ ಗಿಡ ತಿನ್ನಿಸಿ ದಿನ ಎಣಿಸಿ ನೋಡಬಹುದು. ಪಡ್ರೆಯ ತಾಯಂದಿರ ಮೇಲೆ ಅದನ್ನು ಮಾಡಲಾಗದು. ಈ ಸಂದಿನಲ್ಲಿ ವಾದಪ್ರತಿವಾದಗಳು ಬೆಳೆದವು. ಅಷ್ಟೂ ವರ್ಷ ಮಕ್ಕಳ ತಾಯಂದಿರು ದೈವದ ಶಾಪವೋ ತಮ್ಮದೇ ತಪ್ಪೋ ಎಂದು ಕೊರಗಿದರು.

ನರನಾಳ ಮುಚ್ಚುವ ಕೆಲಸಕ್ಕೇ ನೇರವಾಗಿ ಸೇರಿದ ವಂಶವಾಹಿಗಳ ಜಾಡು ಸಿಕ್ಕಿದ್ದು ಬಾಲ ಸುರುಳಿಯಾದ ಒಂದು ಇಲಿಯ ತಳಿಯಿಂದ. 1940ರ ದಶಕದಿಂದ ಪ್ರಯೋಗಾಲಯಗಳಲ್ಲಿ ಸಾಕಿಕೊಂಡು ಬಂದ ಈ ತಳಿಯಲ್ಲಿ, ದೋಷವುಳ್ಳ ವಂಶವಾಹಿಯ ಒಂದು ಪ್ರತಿ ಇದ್ದರೆ ಬಾಲ ಸೊಟ್ಟ. ಎರಡೂ ಪ್ರತಿ ಕೆಟ್ಟಿದ್ದರೆ ಕುತ್ತಿಗೆಯಿಂದ ಬಾಲದವರೆಗೆ ನರನಾಳ ಪೂರ್ತಿ ತೆರೆದೇ ಉಳಿಯುತ್ತದೆ. 2001ರಲ್ಲಿ ಆ ವಂಶವಾಹಿಯನ್ನು ಗುರುತಿಸಿದಾಗ ಅದರ ದಾಯಾದಿಯೂ ಹಣ್ಣುನೊಣದಲ್ಲೇ ಇತ್ತು. ನೊಣದಲ್ಲಿ ಅದು ಕೆಟ್ಟರೆ ರೆಕ್ಕೆಯ ರೋಮಗಳು ಒಂದೇ ದಿಕ್ಕಿಗೆ ಬಾಗದೆ ಸುಳಿಸುಳಿಯಾಗುತ್ತವೆ. ಚಿತ್ರಕಾರ ವ್ಯಾನ್ ಗಾಗ್ ಬರೆದ ಆಕಾಶದ ಸುಳಿಗಳನ್ನು ನೆನೆದು ಅದಕ್ಕೆ ಅವನ ಹೆಸರನ್ನೇ ಇಟ್ಟಿದ್ದರು. ಕೋಶಗಳಿಗೆ ದಿಕ್ಕು ತೋರಿಸುವುದೇ ಇದರ ಕೆಲಸ. ಭ್ರೂಣದ ಬೆನ್ನಿನ ಪಟ್ಟಿ ಮೊದಲು ಅಗಲ ಕುಗ್ಗಿ ಉದ್ದವಾಗಬೇಕು. ಅದಕ್ಕೆ ಕೋಶಗಳು ಬದಿಯಿಂದ ನಡುವಿಗೆ ಸರಿಯಬೇಕು. ದಿಕ್ಕು ತಪ್ಪಿದ ಕೋಶಗಳು ಸರಿಯುವುದಿಲ್ಲ. ಪಟ್ಟಿ ಅಗಲವಾಗಿಯೇ ಉಳಿದು ಅಂಚುಗಳು ಮೇಲೆದ್ದರೂ ಒಂದಕ್ಕೊಂದು ಎಟಕುವುದಿಲ್ಲ. 2007ರಲ್ಲಿ ಇದೇ ಕುಟುಂಬದ ವಂಶವಾಹಿಯ ದೋಷಗಳನ್ನು ಸೀಳು ಬೆನ್ನಿನ ಕೆಲವು ರೋಗಿಗಳಲ್ಲೂ ಕಂಡರು. ಕೆಲವರಲ್ಲಿ ಮಾತ್ರ ಎಂಬುದನ್ನು ಒತ್ತಿ ಹೇಳಬೇಕು. ಇಲಿಯಲ್ಲಿ ನರನಾಳ ಮುಚ್ಚದಂತೆ ಮಾಡುವ ವಂಶವಾಹಿಗಳು ನೂರಾರು ಇವೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ತಪ್ಪಿನಿಂದ ಹೀಗಾಗುವುದಿಲ್ಲ. ಹಲವು ಸಣ್ಣ ಕುಂದುಗಳು ತಂದೆಯಿಂದ ಕೆಲವು, ತಾಯಿಯಿಂದ ಕೆಲವು ಬಂದು ಸೇರಿ, ಆಹಾರದ ಕೊರತೆಯೂ ಕೂಡಿದಾಗ ನಾಳ ಬಾಯಿಬಿಡುತ್ತದೆ.

ಎರಡೂ ಕಡೆಯ ಕುಂದು ಸೇರುವ ಮಾತಿಗೆ ಕರ್ನಾಟಕದಲ್ಲಿ ವಿಶೇಷ ಅರ್ಥವಿದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ದೊಡ್ಡ ತಪಾಸಣೆ ನಡೆದಾಗ ಮೂರರಲ್ಲಿ ಒಂದು ಭಾಗದಷ್ಟು ಮಕ್ಕಳ ತಂದೆತಾಯಿ ರಕ್ತಸಂಬಂಧಿಗಳಾಗಿದ್ದುದು ಕಂಡುಬಂತು. ಅಕ್ಕನ ಮಗಳನ್ನು ಮದುವೆಯಾದವರೇ ಅವರಲ್ಲಿ ಬಹಳ. ಒಂದೇ ಕುಟುಂಬದ ಕುಂದು ಎರಡು ದಾರಿಯಿಂದ ಬಂದು ಒಂದೇ ಮಗುವಿನಲ್ಲಿ ಕೂಡುವ ಸಂಭವ ಇಂಥಲ್ಲಿ ಹೆಚ್ಚು. ತುಳುನಾಡಿನ ಅಳಿಯಸಂತಾನದ ಸಮುದಾಯಗಳಲ್ಲಿ ಅಕ್ಕನ ಮಗಳು ಸೋದರಮಾವನದೇ ಬಳಿಯವಳು. ಸ್ವಬಳಿಯಲ್ಲಿ ಮದುವೆ ನಿಷಿದ್ಧ. ಘಟ್ಟದ ಮೇಲೆ ಅಚ್ಚುಮೆಚ್ಚಿನ ಸಂಬಂಧ ಇಲ್ಲಿ ಆಗಬಾರದ ಸಂಬಂಧ! ಆದರೆ ಮಾವನ ಮಗಳಿಗೆ ಬೇರೆ ಬಳಿ ಬರುವುದರಿಂದ ಆ ಮದುವೆಗೆ ಅಡ್ಡಿಯಿಲ್ಲ. ಬಳಿಯ ಲೆಕ್ಕ ತಾಯಿಯ ಎಳೆಯೊಂದನ್ನೇ ಹಿಡಿಯುತ್ತದೆ. ವಂಶವಾಹಿ ಎರಡೂ ಕಡೆಯಿಂದ ಬರುತ್ತದೆ.

ವಂಶವಾಹಿ ಬದಲಿಸಲಾಗದು. ಆದರೆ ಕಥೆಯ ಇನ್ನೊಂದು ಎಳೆ ಆಹಾರದ್ದು, ಅದು ಭಾರತದಲ್ಲೇ ಶುರುವಾಗುತ್ತದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದಳು. ಬಟ್ಟೆ ಗಿರಣಿಗಳ ಬಡ ಬಸುರಿಯರು ಒಂದು ಬಗೆಯ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ರೋಗಾಣು ಇರಬಹುದೆಂದು ಹುಡುಕಿ ಸೋತ ಮೇಲೆ ಆಕೆ ಅವರು ಉಣ್ಣುವುದನ್ನು ನೋಡಿದಳು. ಇಲಿಗಳಿಗೆ, ಕೋತಿಗಳಿಗೆ ಅದೇ ಬಡ ಊಟ ಹಾಕಿ ಅದೇ ರೋಗ ತರಿಸಿದಳು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ತಿನ್ನಿಸಿದಾಗ ಗುಣವಾಯಿತು, ಹೆಂಗಸರಿಗೂ ಗುಣವಾಯಿತು. 1931ರಲ್ಲಿ ಇದನ್ನು ಪ್ರಕಟಿಸಿದಳು. ಯೀಸ್ಟಿನಲ್ಲಿದ್ದ ಆ ಅಜ್ಞಾತ ಪದಾರ್ಥವನ್ನು 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ತೆಗೆದರು. ಎಲೆಯಿಂದ ಬಂದದ್ದಾದ್ದರಿಂದ ಲ್ಯಾಟಿನ್ನಿನ ಎಲೆಯ ಹೆಸರಿನಿಂದ ಫೋಲಿಕ್ ಆಸಿಡ್ ಆಯಿತು. ಕೃತಕವಾಗಿ ತಯಾರಿಸಿದ್ದು 1945ರಲ್ಲಿ, ಭೀಮಾವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಕಂಪೆನಿಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅದೇ ತಂಡ ಫೋಲಿಕ್ ಆಸಿಡ್ಡಿನ ವೇಷ ಹಾಕಿ ಅದರ ಕೆಲಸ ಕೆಡಿಸುವ ಅಮಿನೋಪ್ಟೆರಿನ್ ಎಂಬ ಔಷಧಿಯನ್ನೂ ಮಾಡಿತು. ಮಕ್ಕಳ ರಕ್ತಕ್ಯಾನ್ಸರಿಗೆ ಅದು ಮದ್ದಾಯಿತು. ಅದನ್ನೇ ಗರ್ಭಪಾತಕ್ಕೆ ಬಳಸಲು ಹೋದಾಗ ಕೆಲವು ಭ್ರೂಣಗಳು ತಲೆ, ಮಿದುಳು ವಿಕಾರಗೊಂಡು ಉಳಿದವೆಂದು 1952ರಿಂದ ವರದಿಯಾಗತೊಡಗಿತು. ಫೋಲಿಕ್ ಆಸಿಡ್ಡಿಗೂ ಭ್ರೂಣದ ತಲೆಗೂ ಸಂಬಂಧವಿದೆಯೆಂಬ ಸುಳಿವು ಹೀಗೆ ಕೇಡಿನ ದಾರಿಯಿಂದ ಬಂತು.

ಲಿವರ್‌ಪೂಲಿನ ಎಲಿಜಬೆತ್ ಹಿಬ್ಬರ್ಡ್ ಮತ್ತು ರಿಚರ್ಡ್ ಸ್ಮಿಥೆಲ್ಸ್ 1965ರಲ್ಲಿ ಈ ಸಂಬಂಧವನ್ನು ತಾಯಂದಿರಲ್ಲೇ ತೋರಿಸಿದರು. ಪೂರ್ತಿ ನಂಬಿಕೆ ಬರಲು ಇನ್ನೂ 26 ವರ್ಷ ಬೇಕಾಯಿತು. ಒಮ್ಮೆ ನರನಾಳ ದೋಷದ ಮಗುವನ್ನು ಹೆತ್ತ ತಾಯಂದಿರನ್ನು ಏಳು ದೇಶಗಳ 33 ಕೇಂದ್ರಗಳಲ್ಲಿ ಸೇರಿಸಿ, ಗರ್ಭಧಾರಣೆಗೆ ಮೊದಲೇ ಕೆಲವರಿಗೆ ಫೋಲಿಕ್ ಆಸಿಡ್, ಕೆಲವರಿಗೆ ಬೇರೆ ಮಾತ್ರೆ ಕೊಟ್ಟು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಪರೀಕ್ಷಿಸಿತು. 1991ರಲ್ಲಿ ನಡುವಿನಲ್ಲೇ ನಿಲ್ಲಿಸಬೇಕಾಯಿತು. ಫೋಲಿಕ್ ಆಸಿಡ್ ಪಡೆದವರಲ್ಲಿ ದೋಷದ ಶಿಶುಗಳು 6, ಪಡೆಯದವರಲ್ಲಿ 21. ಇಷ್ಟು ಕಂಡ ಮೇಲೆ ಉಳಿದವರಿಗೆ ಕೊಡದಿರುವುದು ಅನ್ಯಾಯವೆನಿಸಿತು. ಭಾರತದ ವೈದ್ಯಕೀಯ ಸಂಶೋಧನಾ ಪರಿಷತ್ತು 466 ತಾಯಂದಿರಲ್ಲಿ ನಡೆಸುತ್ತಿದ್ದ ಇಂಥದೇ ಪರೀಕ್ಷೆಯೂ ಅದೇ ವರ್ಷ ನಿಂತಿತು. ಇಲ್ಲಿ ವಿಟಮಿನ್ ಪಡೆದವರಲ್ಲಿ ದೋಷ ಮರುಕಳಿಸಿದ್ದು ನೂರಕ್ಕೆ ಸುಮಾರು 3, ಪಡೆಯದವರಲ್ಲಿ 7.

ಅಮೆರಿಕ 1998ರಿಂದ ಧಾನ್ಯದ ಹಿಟ್ಟಿಗೆ ಫೋಲಿಕ್ ಆಸಿಡ್ ಬೆರೆಸುವುದನ್ನು ಕಡ್ಡಾಯ ಮಾಡಿತು. ಭಾರತದಲ್ಲಿ ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಹಂಚುವ ಕಾರ್ಯಕ್ರಮ 1970ರಿಂದಲೇ ಇದೆ. ರಕ್ತಹೀನತೆಗಾಗಿ ಮಾಡಿದ್ದು, ಆ ಕೆಲಸಕ್ಕೆ ಬೇಕೇ ಬೇಕು. ಆದರೆ ಅದು ಸಾಮಾನ್ಯವಾಗಿ ಕೈಸೇರುವುದು ಹೆಸರು ನೋಂದಾಯಿಸಿದ ಮೇಲೆ, ವಾಂತಿ ನಿಂತು ನಾಲ್ಕನೆಯ ತಿಂಗಳಿಗೆ ಬಿದ್ದ ಮೇಲೆ. ಆ ಹೊತ್ತಿಗೆ ನರನಾಳದ ಬಾಯಿ ಮುಚ್ಚಿಯೋ ಮುಚ್ಚದೆಯೋ ಎರಡು ತಿಂಗಳು ಕಳೆದಿರುತ್ತದೆ. ಸುಶ್ರುತನ ದೌಹೃದವೂ ಸರಕಾರದ ಮಾತ್ರೆಯೂ ಒಂದೇ ತಿಂಗಳಿಗೆ ಬಂದು ನಿಂತದ್ದು ಕಾಕತಾಳೀಯವಿರಬಹುದು. 2018ರ ರಕ್ತಹೀನತೆ ನಿರ್ಮೂಲನೆಯ ಕಾರ್ಯಕ್ರಮ ಬಸುರಿಯಾಗಬಯಸುವವರು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಸೇವಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ತೊಡಕಿರುವುದು ಬೇರೆ ಕಡೆ: ಬಸುರಿಯಾಗುವ ಮುಂಚೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ರೂಢಿಯೇ ನಮ್ಮಲ್ಲಿಲ್ಲ. ಹಂಪನಕಟ್ಟೆಯ ಲೇಡಿ ಗೋಷನ್ ಆಸ್ಪತ್ರೆಗಾಗಲಿ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗಾಗಲಿ ಹೊಸದಾಗಿ ಮದುವೆಯಾದವಳು ಕಾರಣವಿಲ್ಲದೆ ಹೋದಳೆಂದರೆ ಅತ್ತೆ ಹುಬ್ಬೇರಿಸುತ್ತಾಳೆ.

ಕರಾವಳಿಯ ಅಡುಗೆಯಲ್ಲಿ ಸೊಪ್ಪಿಗೇನೂ ಬರವಿಲ್ಲ. ಹರಿವೆ, ಬಸಳೆ, ಮೊಳಕೆ ಬರಿಸಿದ ಹೆಸರು, ಅಲಸಂಡೆ ಎಲ್ಲದರಲ್ಲೂ ಈ ವಿಟಮಿನ್ ಉಂಟು. ಆದರೆ ಇದು ನೀರಿನಲ್ಲಿ ಕರಗುವಂಥದು, ಬಿಸಿಗೆ ಹಾಳಾಗುವಂಥದು. ಬಹಳ ಹೊತ್ತು ಕುದಿಸಿ ನೀರು ಚೆಲ್ಲಿದರೆ ಹೆಚ್ಚಿನ ಪಾಲು ಹೋದಂತೆಯೇ. ಊಟದಿಂದಲೇ 400 ಮೈಕ್ರೊಗ್ರಾಂನಷ್ಟು ಹೆಚ್ಚುವರಿ ಪಡೆಯುವುದು ಕಷ್ಟವಾದ್ದರಿಂದಲೇ ಮಾತ್ರೆಯ ಮಾತು.

ಇಷ್ಟಾದರೂ ದೋಷ ಪೂರ್ತಿ ತಪ್ಪುವುದಿಲ್ಲ. ಫೋಲಿಕ್ ಆಸಿಡ್ಡಿಗೆ ಬಗ್ಗದ ವಂಶವಾಹಿ ದೋಷಗಳಿವೆ. ಸುರುಳಿಬಾಲದ ಇಲಿಗೆ ಎಷ್ಟು ಕೊಟ್ಟರೂ ನಾಳ ಮುಚ್ಚದು. ಅಂಥಲ್ಲಿ ನೆರವಾಗುವುದು ಸ್ಕ್ಯಾನಿಂಗ್. ಬೆನ್ನು ತೆರೆದಿದ್ದರೆ ಭ್ರೂಣದ ತಲೆ ನಿಂಬೆಹಣ್ಣಿನ ಆಕಾರಕ್ಕೂ ಹಿಮ್ಮಿದುಳು ಬಾಳೆಹಣ್ಣಿನ ಆಕಾರಕ್ಕೂ ತಿರುಗುತ್ತದೆಂದು 1986ರಲ್ಲಿ ಲಂಡನ್ನಿನ ವೈದ್ಯರು ತೋರಿಸಿದ ಮೇಲೆ ಗುರುತಿಸುವುದು ಸುಲಭವಾಯಿತು. ಹದಿನೆಂಟರಿಂದ ಇಪ್ಪತ್ತನೆಯ ವಾರದಲ್ಲಿ ಇದು ಕಾಣುತ್ತದೆ. ಗರ್ಭ ಉಳಿಸಿಕೊಳ್ಳಬೇಕೋ ಬೇಡವೋ ಎಂಬ ಕಠಿಣ ಪ್ರಶ್ನೆಗೆ 2021ರ ಕಾನೂನು ತಿದ್ದುಪಡಿ ಹೆಚ್ಚು ಕಾಲಾವಕಾಶ ಕೊಟ್ಟಿತು. ಉಳಿಸಿಕೊಂಡವರ ಮಕ್ಕಳ ಬೆನ್ನನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚುತ್ತಾರೆ, ತಲೆಯ ನೀರನ್ನು ಹೊಟ್ಟೆಗೆ ಹರಿಸುವ ಸಣ್ಣ ಕೊಳವೆ ಜೋಡಿಸುತ್ತಾರೆ. ಈ ಚಿಕಿತ್ಸೆಗೆ ದಾರಿ ಮಾಡಿದ ಮೊದಲ ಕವಾಟಗಳಲ್ಲೊಂದನ್ನು 1956ರಲ್ಲಿ ರೂಪಿಸಿದವನು ವೈದ್ಯನಲ್ಲ. ಸೀಳು ಬೆನ್ನಿನ ಮಗನ ತಂದೆಯಾಗಿದ್ದ ಜಾನ್ ಹೋಲ್ಟರ್ ಎಂಬ ಅಮೆರಿಕದ ಯಂತ್ರಕುಶಲಿ.

ಒಮ್ಮೆ ಇಂಥ ಮಗುವನ್ನು ಹೆತ್ತ ತಾಯಿಗೆ ಮುಂದಿನ ಬಾರಿ 400 ಮೈಕ್ರೊಗ್ರಾಂ ಸಾಲದು. ಅದರ ಹತ್ತು ಪಟ್ಟು ಬೇಕು. ಔಷಧಿ ಅಂಗಡಿಗಳಲ್ಲಿ ಸಿಗುವ 5 ಮಿಲಿಗ್ರಾಂನ ಪುಟ್ಟ ಮಾತ್ರೆ, ಬೆಲೆಯೂ ಅಲ್ಪ. ಕನಿಷ್ಠ ಒಂದು ತಿಂಗಳು ಮೊದಲೇ ಶುರುಮಾಡಿ ಮೂರು ತಿಂಗಳು ತುಂಬುವವರೆಗೆ ನುಂಗಬೇಕು. ವೈದ್ಯರು ಅದನ್ನು ಬರೆದುಕೊಡುವ ದಿನ ಆಕೆ ಇನ್ನೂ ಬಸುರಿಯಾಗಿರುವುದಿಲ್ಲ.